ಈಶಾನ್ಯ ಮೂಲೆಯ ಮಹಾಶಯ

ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಹಳೆಯ ಇಂಗಿನ ಡಬ್ಬಿ ಇದೆ. ಕುತೂಹಲಕ್ಕೆ ಯಾರಾದರೂ ಮುಚ್ಚಳ ತೆಗೆದರೆ ಮುಖ ಕಿವುಚಿಕೊಂಡು ಅಲ್ಲೇ ಇಟ್ಟುಬಿಡುತ್ತಾರೆ. ಒಳಗಿರುವುದು ಒಣ ಸಿಗಡಿ. ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಲು ಬಿಡದ ಮನೆ ನಮ್ಮದು. ಹಾಗಾಗಿ ಸಿಗಡಿಗೆ ಅಡುಗೆಮನೆಯಲ್ಲಿ ಜಾಗ ಸಿಗಲಿಲ್ಲ. ಫ್ರಿಜ್ಜಿನ ಹೆಸರೆತ್ತಿದಾಗ ನನ್ನ ಹೆಂಡತಿ ಪದ್ಮಾ ನನ್ನನ್ನು ನೋಡಿದ ರೀತಿಗೆ ನಾನು ಮಾತು ಬದಲಿಸಿದೆ. ಕೊನೆಗೆ ಬಾಗಿಲಾಚೆ, ಚಪ್ಪಲಿಗಳ ಸಹವಾಸದಲ್ಲಿ ಅದಕ್ಕೊಂದು ನೆಲೆಯಾಯಿತು. ಸಿಗಡಿ ಮೈಲಿಗೆ, ಸರಿ. ಆದರೆ ಆ ಸಿಗಡಿಯನ್ನು ತಿನ್ನುವ ಮಹಾಶಯ ನಡುಮನೆಯ ಈಶಾನ್ಯ ಮೂಲೆಯಲ್ಲಿ, ದೇವರ ಫೋಟೋಗಳ ಕೆಳಗೆ, ನೀಲಿ ದೀಪ ಹಾಕಿಸಿಕೊಂಡು ವಿರಾಜಮಾನನಾಗಿದ್ದಾನೆ. ಅವನು ಶುಭ. ಈ ಶಾಸ್ತ್ರ ಯಾರು ಬರೆದರೋ ನನಗೆ ಗೊತ್ತಿಲ್ಲ.

ಮಹಾಶಯ ಎಂದರೆ ಮೀನು. ಫ್ಲವರ್‌ಹಾರ್ನ್ ಎನ್ನುತ್ತಾರೆ. ನೀವೂ ನೋಡಿರುತ್ತೀರಿ, ರಾಜಾಜಿನಗರದ ಯಾವುದಾದರೂ ಒಡವೆ ಅಂಗಡಿಯಲ್ಲಿ, ಇಲ್ಲವೇ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ. ಕೆಂಪು ಮೈ, ಸಿಡುಕು ಮೋರೆ, ಹಣೆಯ ಮೇಲೆ ಒಂದು ಸೀಬೆಹಣ್ಣಿನಷ್ಟು ಗಡ್ಡೆ. ಬಚ್ಚಲಲ್ಲಿ ಜಾರಿ ಬಿದ್ದು ಹಣೆ ಊದಿಸಿಕೊಂಡವರಿಗೆ ನಾವು ಐಸ್ ಇಟ್ಟುಕೊಳ್ಳಿ ಎನ್ನುತ್ತೇವೆ. ಮೀನಿಗೆ ಹಾಗೆ ಊದಿದ್ದರೆ ಕೈಮುಗಿಯುತ್ತೇವೆ. ಗಡ್ಡೆ ದೊಡ್ಡದಾದಷ್ಟೂ ಮನೆಗೆ ಅದೃಷ್ಟವಂತೆ.

ಇದನ್ನು ನಮ್ಮ ಮನೆಗೆ ತಂದವಳು ನನ್ನ ಅಕ್ಕ ಶಾರದಾ. ಅನ್ನಪೂರ್ಣೇಶ್ವರಿ ನಗರದಲ್ಲಿ ಅವಳ ಮನೆ, ಮೂಡಲಪಾಳ್ಯದಲ್ಲಿ ನಮ್ಮದು. ನಡುವೆ ಇನ್ನೂ ಸ್ವಲ್ಪ ದೂರವಿದ್ದಿದ್ದರೆ ನನ್ನ ಆಯುಷ್ಯ ಹೆಚ್ಚುತ್ತಿತ್ತು. ವಾಸ್ತುವಿನವನೊಬ್ಬ ಅವಳಿಗೆ, ನಿಮ್ಮ ತವರಿನವರ ಈಶಾನ್ಯದಲ್ಲಿ ಚಲಿಸುವ ನೀರಿರಬೇಕು ಎಂದನಂತೆ. ನಮ್ಮ ಈಶಾನ್ಯದಲ್ಲಿ ಇದ್ದದ್ದು ನನ್ನ ಓದುವ ಕುರ್ಚಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದ ಮೇಲೆ, ಕಿಟಕಿ ಪಕ್ಕದ ಆ ಕುರ್ಚಿಯೊಂದೇ ನಾನು ಸಂಪಾದಿಸಿದ ಸ್ಥಾನಮಾನ. ಅದನ್ನೆತ್ತಿ ವಾಷಿಂಗ್ ಮೆಷಿನ್ನಿನ ಎದುರು ಹಾಕಿದರು. ಈಗ ನಾನು ಪೇಪರ್ ಓದುವಾಗ ಮುಂದುಗಡೆ ಬಟ್ಟೆ ಸುತ್ತುತ್ತಿರುತ್ತದೆ. ಚಲಿಸುವ ನೀರು ಎಂದರೆ ಅದೂ ಅದೇ ತಾನೇ.

ಮೀನು ಕೊಳ್ಳಲು ಅವಳ ಜೊತೆ ನಾನೂ ಹೋಗಬೇಕಾಯಿತು. ಅಂಗಡಿಯವನು ಮಾತಿನಲ್ಲಿ ಗಟ್ಟಿಗ.

"ಇದು ಸಿಕ್ಲಿಡ್ ಜಾತಿ ಸಾರ್. ಸಿಹಿನೀರಿಂದೇ. ಆದ್ರೆ ಗೋಲ್ಡ್‌ಫಿಶ್ ತರ ಸಾಧು ಅಲ್ಲ. ಜೊತೇಲಿ ಯಾರನ್ನೂ ಬಿಡೋ ಹಾಗಿಲ್ಲ."

"ಬಿಟ್ರೆ?"

"ಬೆಳಗ್ಗೆ ಎದ್ದು ನೋಡಿದ್ರೆ ಇದೊಂದೇ ಇರತ್ತೆ ಸಾರ್."

ಒಳ್ಳೆಯ ಗುಣ ಎಂದುಕೊಂಡೆ. ಅಕ್ಕನಿಗೆ ಬೇಕಾದದ್ದು ಗುಣವಲ್ಲ. ಅವಳು ಗಾಜಿಗೆ ಮೂಗು ತಾಗಿಸಿ ಅದರ ಪಕ್ಕೆಯ ಕಪ್ಪು ಮಚ್ಚೆಗಳನ್ನು ನೋಡುತ್ತಿದ್ದಳು.

"ಅದು ಚೈನೀಸ್ ಅಕ್ಷರ ಆಂಟಿ. ಅದೃಷ್ಟ ಅಂತ ಬರ್ದಿದೆ."

"ನಿಮಗೆ ಚೈನೀಸ್ ಓದಕ್ಕೆ ಬರತ್ತಾ?" ಎಂದೆ ನಾನು.

"ಇಲ್ಲ ಸಾರ್, ಡೀಲರ್ ಹೇಳಿದ್ದು."

ಡೀಲರಿಗೂ ಬರುತ್ತಿರಲಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಆಮೇಲೆ ಅವನು ದನಿ ತಗ್ಗಿಸಿ ಅಸಲು ವಿಷಯಕ್ಕೆ ಬಂದ. "ಆಂಟಿ, ಇನ್ನೊಂದು ಇದೆ. ಮನೆಗೆ ಏನಾದ್ರೂ ದೊಡ್ಡ ಕೇಡು ಬರ್ತಾ ಇದ್ರೆ ಇದು ತನ್ನ ಮೇಲೆ ಹಾಕ್ಕೊಂಡು ಹೋಗ್ಬಿಡತ್ತೆ. ನಮ್ಮ ಕಸ್ಟಮರ್ ಒಬ್ರಿಗೆ ಆಕ್ಸಿಡೆಂಟ್ ಆಯ್ತು, ಒಂದ್ ಗೀಟೂ ಆಗ್ಲಿಲ್ಲ. ಮನೇಗ್ ಬಂದು ನೋಡ್ತಾರೆ, ಮೀನು ಮೇಲ್ ತೇಲ್ತಾ ಇದೆ."

ಎಂಥ ವ್ಯಾಪಾರ ನೋಡಿ. ಮಾರಿದ ಮಾಲು ಸತ್ತರೆ ಗಿರಾಕಿ ಜಗಳಕ್ಕೆ ಬರುವುದಿಲ್ಲ, ಕಣ್ಣಲ್ಲಿ ನೀರು ತಂದುಕೊಂಡು ಬಂದು ಇನ್ನೊಂದನ್ನು ಒಯ್ಯುತ್ತಾನೆ. ನನ್ನ ತರಗತಿಯಲ್ಲಿ ಫೇಲಾದ ಹುಡುಗರೆಲ್ಲ ಅವರ ಮನೆಯ ಕೇಡನ್ನು ತಮ್ಮ ಮೇಲೆ ಹಾಕಿಕೊಂಡರು ಎಂದು ನಾನೂ ಹೇಳಿದ್ದರೆ, ತಂದೆತಾಯಂದಿರು ನನಗೂ ಕೈಮುಗಿದು ಹೋಗುತ್ತಿದ್ದರೇನೋ. ಅಕ್ಕ ಮಾತ್ರ ಭಕ್ತಿಯಿಂದ ತಲೆಯಾಡಿಸಿ, ಮೀನನ್ನು ಪ್ಲಾಸ್ಟಿಕ್ ಕವರಿನಲ್ಲಿ ನೀರಿನ ಸಮೇತ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು.

ಅಕ್ಕನದು ಹುಟ್ಟುಗುಣ. ನಾವು ಚಿಕ್ಕವರಿದ್ದಾಗ ವಿಜಯನಗರದಲ್ಲಿ ನಮ್ಮ ಮನೆಯ ಹಿಂದೆಲ್ಲ ಖಾಲಿ ಸೈಟುಗಳು. ಪಾಯ ತೋಡಿ ಬಿಟ್ಟ ಗುಂಡಿಗಳಲ್ಲಿ ಮಳೆನೀರು ನಿಂತು ಹಸಿರಾಗುತ್ತಿತ್ತು. ಒಂದು ದಿನ ನಾವಿಬ್ಬರೂ ಅಪ್ಪನ ಹಳೆಯ ಟವಲ್ಲಿನ ಎರಡು ತುದಿ ಹಿಡಿದು ಆ ಗುಂಡಿಗೆ ಬಲೆ ಹಾಕಿದೆವು. ಸಿಕ್ಕ ಕಪ್ಪು ಮರಿಗಳನ್ನು ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ತುಂಬಿ ಮನೆಗೆ ತಂದೆವು. ಇವು ದೊಡ್ಡ ಜಾತಿಯ ಮೀನು, ಬೆಳೆದರೆ ಜಾಡಿ ಸಾಲುವುದಿಲ್ಲ ಎಂದು ತೀರ್ಪು ಕೊಟ್ಟವನು ನಾನೇ. ಅಕ್ಕ ಒಂದೊಂದಕ್ಕೂ ಹೆಸರಿಟ್ಟಳು, ತನ್ನ ತಟ್ಟೆಯಿಂದ ಅನ್ನದ ಅಗುಳು ಉಳಿಸಿ ಹಾಕಿದಳು. ಕೆಲವು ದಿನಗಳಲ್ಲಿ ದೊಡ್ಡ ಜಾತಿಯ ಮೀನುಗಳಿಗೆ ಕಾಲು ಮೂಡಿತು. ಅನ್ನ ಹಾಕಿದ್ದಕ್ಕೆ ದೇವರು ಕಾಲು ಕೊಟ್ಟ ಎಂದಳು ಅಕ್ಕ. ನನ್ನ ಮೊದಲ ವೈಜ್ಞಾನಿಕ ಸಂಶೋಧನೆ ಅಡುಗೆಮನೆಯ ಕಟ್ಟೆ ಹತ್ತಿ, ಅಮ್ಮನ ಕೊಬ್ಬರಿ ಡಬ್ಬದ ಹಿಂದೆ ಕೂತು ವಟಗುಟ್ಟಿತು.

ಅದಕ್ಕೂ ಮೊದಲು ಒಂದು ಸಂಗತಿ ನಡೆದಿತ್ತು. ಜಾಡಿಯ ನೀರು ನಾರುತ್ತಿದ್ದುದನ್ನು ನೋಡಿ ನಾನು, "ಬಿಡು, ಎಲ್ಲಾ ಸಾಯ್ತವೆ" ಎಂದಿದ್ದೆ. ಅಮ್ಮ ಮೊರದಿಂದ ತಲೆಯೆತ್ತಿ "ಬಿಡ್ತು ಅನ್ನು" ಎಂದಳು. ನಾನು ಅನ್ನಲಿಲ್ಲ. "ಅಂದ್ರೆ ಸಾಯಲ್ವಾ?" ಎಂದು ಕೇಳಿದೆ. ಅಮ್ಮ ತಲೆಗೊಂದು ಮೊಟಕಿದಳು. ಆಗಲೂ ಅನ್ನಲಿಲ್ಲ. ಕೊನೆಗೆ ಅಕ್ಕ ನನ್ನ ಪರವಾಗಿ ಎರಡೂ ಕೆನ್ನೆ ಮುಟ್ಟಿಕೊಂಡು ಬಿಡ್ತು, ಬಿಡ್ತು ಎಂದಳು. ಅವತ್ತಿನಿಂದ ನಮ್ಮಲ್ಲಿ ಕೆಲಸ ಹಂಚಿಕೆಯಾಯಿತು. ನಂಬುವುದು ಅವಳದು, ನಗುವುದು ನನ್ನದು. ಅಮ್ಮ ಹೋಗುವವರೆಗೂ ಆ ಮಾತನ್ನು ನನ್ನ ಬಾಯಿಂದ ಹೊರಡಿಸಲು ಅವಳಿಗೆ ಆಗಲಿಲ್ಲ, ನನಗೆ ಅದೊಂದು ಹೆಮ್ಮೆ.

ಮೀನಿನ ವಿಷಯಕ್ಕೆ ಬರುತ್ತೇನೆ. ಪದ್ಮಾ ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಗುಂಡನಂಥ ಒರಟನನ್ನು ನಾನು ಸ್ಟಾಫ್ ರೂಮಿನಲ್ಲೂ ನೋಡಿರಲಿಲ್ಲ. ತಳದಲ್ಲಿ ಚೆಂದವಾಗಿ ಹರಡಿದ ಕಲ್ಲುಗಳನ್ನು ಬಾಯಲ್ಲಿ ಕಚ್ಚಿ ಒಂದು ಮೂಲೆಗೆ ಗುಡ್ಡೆ ಹಾಕುತ್ತಾನೆ. ನಾನು ಹರಡುತ್ತೇನೆ, ಬೆಳಗಾಗುವಷ್ಟರಲ್ಲಿ ಮತ್ತೆ ಗುಡ್ಡೆ. ಪ್ಲಾಸ್ಟಿಕ್ ಗಿಡವನ್ನು ಕಿತ್ತು ತಲೆಕೆಳಗು ಮಾಡಿದ. ಗಾಜಿನಲ್ಲಿ ತನ್ನದೇ ಮುಖ ಕಂಡು ರೊಚ್ಚಿಗೆದ್ದು ಗುದ್ದುತ್ತಾನೆ. ಇಷ್ಟು ದೊಡ್ಡ ತಲೆಯೊಳಗೆ ಏನಿದೆ ಎಂದು ನಾನು ಓದಿ ನೋಡಿದೆ. ಬಹುಪಾಲು ಕೊಬ್ಬಂತೆ. ಅದೃಷ್ಟ ತರುವ ತಲೆಗಳ ಬಗ್ಗೆ ನನಗೆ ಮೊದಲಿನಿಂದಲೂ ಇದ್ದ ಅನುಮಾನ ನಿಜವಾಯಿತು.

ಅವನ ವೈಭೋಗವೋ ಹೇಳತೀರದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಹಾಗೇ ಹಾಕಿದರೆ ಮೀನಿಗೆ ಆಗುವುದಿಲ್ಲ. ಡ್ರಮ್ಮಿನಲ್ಲಿ ತುಂಬಿ ಒಂದು ದಿನ ಬಾಯಿ ತೆರೆದಿಟ್ಟು ಆಮೇಲೆ ಹಾಕಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಇಡೀ ಬೀದಿ ಟ್ಯಾಂಕರಿಗೆ ಕಾಯುತ್ತಿದ್ದಾಗ, ನಾನು ಅರ್ಧ ಬಕೆಟ್ಟಿನಲ್ಲಿ ಸ್ನಾನದ ಶಾಸ್ತ್ರ ಮುಗಿಸುತ್ತಿದ್ದೆ. ಬಾಲ್ಕನಿಯಲ್ಲಿ ಗುಂಡನ ಡ್ರಮ್ಮು ತುಂಬಿ ತುಳುಕುತ್ತಿತ್ತು. ಒಂದು ಅಮಾವಾಸ್ಯೆಯಂದು ಅಕ್ಕ ಬಂದು ಉಪ್ಪು, ಒಣಮೆಣಸಿನಕಾಯಿ ಹಿಡಿದು ಟ್ಯಾಂಕಿನ ಮುಂದೆ ಕೈ ಸುತ್ತುತ್ತಿದ್ದಳು.

"ಏನಕ್ಕ ಇದು?"

"ಬಂದೋರೆಲ್ಲಾ ಅದರ ತಲೇನೇ ನೋಡ್ತಾರೆ ಕಣೋ. ದೃಷ್ಟಿ ಆಗಿರತ್ತೆ ಪಾಪ."

ಮನೆಯ ದೃಷ್ಟಿ ತೆಗೆಯಲು ಮೀನು, ಮೀನಿನ ದೃಷ್ಟಿ ತೆಗೆಯಲು ಮೆಣಸಿನಕಾಯಿ. ಮೆಣಸಿನಕಾಯಿಗೆ ದೃಷ್ಟಿಯಾದರೆ ಯಾರನ್ನು ಕರೆಯಬೇಕು ಎಂದು ಕೇಳಿದೆ. ಅಕ್ಕ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು. ಅಪ್ಪಟ ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ನಾವೆಲ್ಲ ಕೆಮ್ಮುತ್ತಾ ಬಾಲ್ಕನಿಗೆ ಓಡಿದೆವು, ಗುಂಡ ಒಬ್ಬನೇ ಒಳಗೆ ಸುಖವಾಗಿದ್ದ.

ನಾನು ಬೈದಷ್ಟೂ ಪದ್ಮಾ ಅವನಿಗೆ ಹತ್ತಿರವಾದಳು. ಮೊದಮೊದಲು ಸಿಗಡಿ ಮುಟ್ಟಿದರೆ ಸ್ನಾನ ಮಾಡುತ್ತೇನೆ ಎನ್ನುತ್ತಿದ್ದವಳು ಆಮೇಲೆ ಬರೀ ಕೈ ತೊಳೆಯತೊಡಗಿದಳು. ನಾನು ನೀರಿಗೆ ಕೈ ಇಟ್ಟರೆ ಕಚ್ಚುವ ಪ್ರಾಣಿ ಅವಳ ಬೆರಳಿಗೆ ಹಣೆ ಉಜ್ಜುತ್ತಿತ್ತು. ಊಟ ಹಾಕುವ ಕೈಗೆ ಯಾರಾದರೂ ಹಣೆ ಉಜ್ಜುತ್ತಾರೆ, ಅದರಲ್ಲೇನು ವಿಶೇಷ ಎಂದೆ. "ನೀವು ಇಷ್ಟು ವರ್ಷದಲ್ಲಿ ಒಂದಿನಾನೂ ಉಜ್ಜಿಲ್ಲವಲ್ಲ" ಎಂದಳು. ಮಾರ್ಕೆಟ್ಟಿನಿಂದ ಬಂದು ಮೆಟ್ಟಿಲು ಹತ್ತಿ, ಟ್ಯಾಂಕಿನ ಮುಂದಿನ ಸ್ಟೂಲಿನ ಮೇಲೆ ಬಹಳ ಹೊತ್ತು ಕೂರುತ್ತಿದ್ದಳು. ಗುಂಡನ ಜೊತೆ ಮಾತು ಎಂದು ನಾನೂ ತಿಳಿದಿದ್ದೆ, ಅವಳೂ ತಿಳಿದಿದ್ದಳು. ಅದು ಉಸಿರು ಸುಧಾರಿಸಿಕೊಳ್ಳುವುದಕ್ಕೆ ಎಂದು ಆಮೇಲೆ ಡಾಕ್ಟರರು ಹೇಳಿದರು. ಹೃದಯದ ಒಂದು ಕವಾಟ ಕೆಟ್ಟಿದೆ, ಎದೆ ತೆರೆದು ಬದಲಾಯಿಸಬೇಕು, ತಡ ಮಾಡಬೇಡಿ ಎಂದರು.

ಪದ್ಮಾ ಆಸ್ಪತ್ರೆ ಸೇರುವ ವಾರವೇ ಗುಂಡನೂ ಮಲಗಿದ. ಬಣ್ಣ ಬಿಳಿಚಿತು, ತಳದಲ್ಲಿ ವಾಲಿಕೊಂಡ, ಸಿಗಡಿ ಹಾಕಿದರೆ ತಿರುಗಿ ನೋಡಲಿಲ್ಲ. ಹಣೆಯ ಗಡ್ಡೆ ಕುಗ್ಗಿ, ಮೊದಲ ಬಾರಿಗೆ ಸಾಧಾರಣ ಮೀನಿನಂತೆ ಕಂಡ. ನೋಡಲು ಬಂದ ಅಕ್ಕ ಟ್ಯಾಂಕಿನ ಮುಂದೆ ನಿಂತಳು, ನೋಡನೋಡುತ್ತಾ ಅವಳ ಮುಖ ಅರಳಿತು. ನನ್ನ ಅಕ್ಕ ಕೆಟ್ಟವಳಲ್ಲ. ಪದ್ಮಾಳನ್ನು ಅವಳು ಸ್ವಂತ ತಂಗಿಯಂತೆ ನೋಡಿಕೊಂಡಿದ್ದಾಳೆ. ಅವಳಿಗೆ ಭಯವಾಗಿತ್ತು, ಭಯಕ್ಕೆ ಈ ಮೀನು ಸಿಕ್ಕಿತ್ತು.

"ಶುರುವಾಯ್ತು ಕಣೋ" ಎಂದು ನನ್ನ ಕೈ ಹಿಡಿದಳು. "ಪದ್ಮಂದನ್ನ ತನ್ನ ಮೇಲೆ ಎಳ್ಕೊಳ್ತಾ ಇದೆ. ನೀನು ಅದಕ್ಕೆ ಏನೂ ಮಾಡಕ್ಕೆ ಹೋಗ್ಬೇಡ. ಅದರ ಪಾಡಿಗೆ ಬಿಟ್ಬಿಡು."

ನಗುವುದು ನನ್ನ ಕೆಲಸವಲ್ಲವೇ, ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ಪದ್ಮಾ ರೂಮಿನಿಂದಲೇ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದಳು.

"ಅಕ್ಕ, ನನ್ನ ಕೇಡನ್ನ ಅದರ ತಲೆಗೆ ಕಟ್ಬೇಡಿ. ಅದು ಸತ್ತು ನಾನು ಉಳಿಯೋದಾದ್ರೆ ಆ ಉಳಿಯೋದು ನನಗೆ ಬೇಡ." ಆಮೇಲೆ ನನ್ನ ಕಡೆ ತಿರುಗಿದಳು. "ರೀ, ದಿನಾ ನೀರು ಬದಲಾಯಿಸಿ. ಕಲ್ಲುಪ್ಪು ಸ್ವಲ್ಪ ಹಾಕಿ. ನಂಗೆ ಮಾತು ಕೊಡಿ."

"ಮೀನಿಗೋಸ್ಕರ ಮಾತು ಕೊಡ್ಬೇಕಾ?"

"ಕೊಡಿ."

ಕೊಟ್ಟೆ. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮಾರನೆಯ ಬೆಳಗ್ಗೆ ಎದ್ದು ನೋಡಿದರೆ, ರಾತ್ರಿ ನಮ್ಮಲ್ಲೇ ಉಳಿದಿದ್ದ ಅಕ್ಕ ಬಾಲ್ಕನಿಯಲ್ಲಿ ಡ್ರಮ್ಮಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೂತದ್ದು ನನ್ನ ಕುರ್ಚಿಯ ಮೇಲೇ.

"ಏಳಕ್ಕ."

"ಏಳಲ್ಲ ಕಣೋ. ನಿಂಗೆ ನಂಬಿಕೆ ಇಲ್ದಿದ್ರೆ ಬೇಡ. ಒಂದ್ವೇಳೆ ನಿಜ ಆಗಿದ್ರೆ? ಒಂದ್ ಮೀನಿಗೋಸ್ಕರ ಅವಳನ್ನ ಕಳ್ಕೊಳ್ತೀಯಾ?"

ನೀವೇ ಹೇಳಿ, ಈ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಏನು ಉತ್ತರವಿದೆ. ಅಷ್ಟು ವರ್ಷ ಹುಡುಗರಿಗೆ ಹೇಳಿಕೊಟ್ಟ ಯಾವ ಸಮೀಕರಣವೂ ನೆರವಿಗೆ ಬರಲಿಲ್ಲ. ಒಂದ್ವೇಳೆ ಎಂಬ ಮಾತು ಎಷ್ಟು ಹೊಲಸು ಎಂದು ನನಗೆ ಅವತ್ತೇ ಗೊತ್ತಾದದ್ದು. ಅದು ನನ್ನೊಳಗೂ ಬಂದು ಕೂತಿತು, ನನಗೆ ಹೆದರಿಕೆಯಾಯಿತು. "ಅವಳು ಕೇಳಿದ್ದು ನೀರು ಬದಲಾಯಿಸು ಅಂತ. ಬೇರೆ ಏನೂ ನಂಗೆ ಗೊತ್ತಿಲ್ಲಕ್ಕ" ಎಂದೆ. ನನ್ನ ದನಿ ಹೇಗಿತ್ತೋ ಏನೋ, ಅಕ್ಕ ಎದ್ದಳು. ಕುರ್ಚಿ ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ಟ್ಯಾಂಕಿನ ನೀರು ತೆಗೆಯುವುದಕ್ಕೆ ಒಂದು ಕ್ರಮವಿದೆ. ಪೈಪಿನ ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದನ್ನು ಬಾಯಲ್ಲಿಟ್ಟು ಹೀರಬೇಕು, ನೀರು ಬರುವುದರೊಳಗೆ ಪೈಪನ್ನು ಬಾಯಿಂದ ತೆಗೆದು ಬಕೆಟ್ಟಿಗೆ ಬಿಡಬೇಕು. ಇದನ್ನೆಲ್ಲ ಪದ್ಮಾ ಲೀಲಾಜಾಲವಾಗಿ ಮಾಡುತ್ತಿದ್ದಳು. ನಾನು ಪೈಪು ತೆಗೆಯುವುದು ತಡವಾಯಿತು. ನಮ್ಮ ವಂಶದ ಶುದ್ಧ ಸಸ್ಯಾಹಾರ ಅಲ್ಲಿಗೆ ಮುಗಿಯಿತು. ದಿನವೂ ಹೀಗೆ ಒಂದು ಗುಟುಕು ಕುಡಿದು, ಉಗಿದು, ಬೈದು, ನೀರು ತುಂಬಿ, ಉಪ್ಪು ಕರಗಿಸಿ, ಆಸ್ಪತ್ರೆಗೆ ಹೋಗುತ್ತಿದ್ದೆ. ಆಪರೇಷನ್ನಿನ ಬೆಳಗ್ಗೆ ಪದ್ಮಾ ನನ್ನ ಕೈಯನ್ನು ಮೂಗಿನ ಹತ್ತಿರ ಎಳೆದುಕೊಂಡು ಮೂಸಿ, "ಬದಲಾಯಿಸಿದೀರ" ಎಂದಳು. ಅಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದರು.

ಹೊರಗಿನ ಬೆಂಚಿನ ಮೇಲೆ ಅಕ್ಕ ಒಂದು ತುದಿ, ನಾನೊಂದು ತುದಿ. ಅವಳು ಏನೋ ಜಪಿಸುತ್ತಿದ್ದಳು, ನಾನು ಎದುರಿನ ಗೋಡೆಯ ಬಣ್ಣವನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರರು ಬಂದು, ಚೆನ್ನಾಗಿ ಆಯಿತು ಎಂದರು. ಅಕ್ಕ ಮೊದಲು ಅತ್ತಳು. ಆಮೇಲೆ ಮೆಲ್ಲಗೆ, "ಮನೇಲಿ ಅದು ಹೋಗಿರತ್ತೆ ಕಣೋ" ಎಂದಳು. ಸಂಜೆ ಬಟ್ಟೆ ತರಲು ಮನೆಗೆ ಬಂದವನು, ಚಪ್ಪಲಿ ಬಿಡುವುದನ್ನೂ ಮರೆತು ಟ್ಯಾಂಕಿನ ಹತ್ತಿರ ಓಡಿದೆ. ಗುಂಡ ತಳದಲ್ಲೇ ಇದ್ದ. ಕಿವಿರು ಆಡುತ್ತಿತ್ತು. ಒಂದು ಸಿಗಡಿ ಹಾಕಿದೆ, ಬಾಯಿಗೆ ತೆಗೆದುಕೊಂಡು ಉಗಿದ. ಆ ಉಗುಳಿಗೆ ನಾನು ಸಂತೋಷಪಟ್ಟೆ.

ಮಾರನೆಯ ದಿನ ನನ್ನನ್ನು ಐಸಿಯು ಒಳಗೆ ಬಿಟ್ಟರು. ಪದ್ಮಾಳಿಗೆ ಗಂಟಲು ಕಟ್ಟಿತ್ತು, ಮಾತು ಹೊರಡುತ್ತಿರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ನೀರು ಕೇಳ್ತಾ ಇದಾಳೆ ಸಿಸ್ಟರ್" ಎಂದೆ.

"ಈಗ ಭಾಳ ಕೊಡಂಗಿಲ್ರೀ ಸರ್. ತುಟಿ ಒದ್ದಿ ಮಾಡ್ರಿ, ಸಾಕು" ಎಂದಳು ಹುಬ್ಬಳ್ಳಿ ಕಡೆಯ ಆ ನರ್ಸ್.

ಪದ್ಮಾ ಸಿಡುಕಿನಿಂದ ತಲೆಯಾಡಿಸಿದಳು. ಸೂಜಿ ಚುಚ್ಚಿದ ಕೈಯನ್ನು ಕಷ್ಟಪಟ್ಟು ಎತ್ತಿ, ಹಣೆಯ ಮೇಲೆ ದುಂಡಗೆ ಒಂದು ಗಡ್ಡೆ ತೋರಿಸಿ, ಮತ್ತೆ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದಳು. ಎದೆ ಸೀಳಿಸಿಕೊಂಡು ಮಲಗಿದವಳು ಮೊದಲು ವಿಚಾರಿಸಿದ್ದು ನನ್ನನ್ನಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

"ಇದಾನೆ. ಒಂದ್ ಸಿಗಡಿ ಬಾಯಿಗೆ ತಗೊಂಡ" ಎಂದೆ. ಉಗಿದದ್ದನ್ನು ಹೇಳಲಿಲ್ಲ. ಅವಳು ಕಣ್ಣು ಮುಚ್ಚಿ ನಿದ್ದೆಹೋದಳು.

ಅವಳು ಮನೆಗೆ ಬರುವ ಹೊತ್ತಿಗೆ ಗುಂಡನಿಗೆ ಬಣ್ಣವೂ ಬಂದಿತ್ತು, ಸೊಕ್ಕೂ ಬಂದಿತ್ತು. ಕಲ್ಲುಗಳೆಲ್ಲ ಮತ್ತೆ ಮೂಲೆ ಸೇರಿದ್ದವು. ಇಷ್ಟು ದಿನ ಬಾಯಲ್ಲಿ ನೀರು ಹೀರಿ ಸೇವೆ ಮಾಡಿದವನ ಕೈಯನ್ನು, ಹುಷಾರಾದ ದಿನವೇ ಕಚ್ಚಿದ. ಕೃತಜ್ಞತೆ ಎಂಬುದು ಸಿಕ್ಲಿಡ್ ಜಾತಿಯಲ್ಲಿ ಇಲ್ಲವೆಂದು ಕಾಣುತ್ತದೆ. ಮುಖ ತೊಳೆಯುವುದಕ್ಕೂ ಮೊದಲು ನಾನು ಹೋಗಿ ಅವನ ಕಿವಿರು ಆಡುತ್ತಿದೆಯೇ ಎಂದು ನೋಡುತ್ತೇನೆ, ಆಮೇಲೆ ಪದ್ಮಾಳ ರೂಮಿಗೆ ಹೋಗುತ್ತೇನೆ. ಇದು ಬರೀ ಅಭ್ಯಾಸ. ಇದಕ್ಕೆ ಬೇರೆ ಅರ್ಥ ಹಚ್ಚಬೇಡಿ.

ಮೊನ್ನೆ ಅಕ್ಕ ಕ್ಯಾರಿಯರಿನಲ್ಲಿ ತಿಳಿಸಾರು ತಂದಿದ್ದಳು. ಪದ್ಮಾ ದಿಂಬು ಅವುಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಗಾಜಿನಾಚೆ ಗುಂಡ ಅವಳ ಬೆರಳಿನ ಹಿಂದೆ ಆ ಕಡೆ ಈ ಕಡೆ ಓಡಾಡುತ್ತಿದ್ದ. ಅಕ್ಕ ಪದ್ಮಾಳ ತಲೆ ಸವರಿದಳು. ಮೀನನ್ನು ನೋಡಿದಳು. ಹೋಗಬೇಕಾದ ನೆಂಟ ಇನ್ನೂ ಹೋಗಿಲ್ಲವೆಂಬ ಹಾಗೆ ಒಂದು ನಿಟ್ಟುಸಿರು ಬಂತು.

"ಹೇಗೂ ಇದಕ್ಕೆ ವಯಸ್ಸಾಯ್ತು ಬಿಡು. ಇವತ್ತೋ ನಾಳೆನೋ ಸತ್ರೆ ಒಳ್ಳೇದೇ, ಉಳಿದ ಕೇಡನ್ನೂ ತಗೊಂಡು ಹೋಗತ್ತೆ."

"ಬಿಡ್ತು ಅನ್ನು ಅಕ್ಕ" ಎಂದೆ ನಾನು.

ಪೇಪರ್ ನನ್ನ ಕೈಯಿಂದ ಕೆಳಗೆ ಬಿದ್ದಿತ್ತು. ಅಕ್ಕ ತಿರುಗಿ ನನ್ನನ್ನೇ ನೋಡಿದಳು. ಪದ್ಮಾ ದಿಂಬನ್ನು ಎದೆಗೆ ಒತ್ತಿಕೊಂಡು, "ನಗಿಸ್ಬೇಡಿ ರೀ, ಹೊಲಿಗೆ ಎಳೆಯತ್ತೆ" ಎಂದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅಕ್ಕ ನಗಲಿಲ್ಲ. ಅಂದು ಜಾಡಿಯ ಮುಂದೆ ಮಾಡಿದ ಹಾಗೆಯೇ ಎರಡೂ ಕೆನ್ನೆ ಮುಟ್ಟಿಕೊಂಡು, ಬಿಡ್ತು, ಬಿಡ್ತು ಎಂದಳು.

ಗುಂಡನಿಗೆ ಊಟದ ಹೊತ್ತಾಯಿತು ಎಂದು ಹೇಳಿ, ಇಂಗಿನ ಡಬ್ಬಿ ತರಲು ನಾನು ಬಾಗಿಲಾಚೆ ಹೋದೆ. ಚಪ್ಪಲಿಗಳ ಮುಂದೆ ನಿಂತು ಡಬ್ಬಿಯ ಮುಚ್ಚಳ ತೆಗೆದು, ಎಲ್ಲಕ್ಕಿಂತ ದೊಡ್ಡ ಸಿಗಡಿಯನ್ನು ಆರಿಸಿದೆ.